ಮೊದಲ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮುಂಚೆ: ತುಮಕೂರಿನಲ್ಲಿ ನನಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಎರಡು ಹಳೆಯ ಕಾರುಗಳಿವೆ. ಒಂದು 1967ರ ಸ್ಟ್ಯಾಂಡರ್ಡ್ ಹೆರಾಲ್ಡ್. ಇನ್ನೊಂದು 1970ರ ಎಂ.ಜಿ.ಬಿ., ಇಂಗ್ಲೆಂಡಿನ ಎಂ.ಜಿ. ಕಂಪನಿಯ ಎರಡು ಸೀಟಿನ ತೆರೆದ ಕಾರು. ಬಿ.ಎಚ್. ರೋಡಿನಲ್ಲಿ ಸಿಗ್ನಲ್‌ಗೆ ನಿಂತರೆ ಸಾಕು, ಪಕ್ಕದ ಬೈಕಿನವರು ಮಾತಿಗೆ ಶುರು ಮಾಡುತ್ತಾರೆ. ಪೆಟ್ರೋಲ್ ಬಂಕಿನಲ್ಲಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನ ಮುಂದೆ, ಎಲ್ಲ ಕಡೆ ಅವೇ ಪ್ರಶ್ನೆಗಳು. ಸಿಗ್ನಲ್ ಬಿಡುವಷ್ಟರಲ್ಲಿ ಅದಕ್ಕೆಲ್ಲ ಉತ್ತರ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಕ್ಲಾಸಿಕ್ ಸ್ಪೋರ್ಟ್ಸ್ ಕಾರು ಅಂದರೆ ಯಾವುದು? ಹಳೆಯದೆಲ್ಲ ಕ್ಲಾಸಿಕ್ಕಾ?

ಹಳೆಯದಾದ ಮಾತ್ರಕ್ಕೆ ಆಗುವುದಿಲ್ಲ. ತೂಕ ಕಡಿಮೆ, ಸೀಟು ನೆಲಕ್ಕೆ ಹತ್ತಿರ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಕೇಳುವ ಗಾಡಿ. ಸ್ಪೋರ್ಟ್ಸ್ ಕಾರು ಅಂದರೆ ಇಷ್ಟೇ. ವೇಗ ಆಮೇಲಿನ ಮಾತು. ನನ್ನ ಎಂ.ಜಿ.ಬಿ.ಗಿಂತ ಇವತ್ತಿನ ಸಾಮಾನ್ಯ ಸ್ವಿಫ್ಟ್ ಬೇಗ ಓಡುತ್ತದೆ. ಆದರೆ ಐವತ್ತು ಕಿಲೋಮೀಟರ್ ವೇಗದಲ್ಲೇ ಖುಷಿ ಕೊಡುವ ಗುಣ ಸ್ವಿಫ್ಟಿಗಿಲ್ಲ.

ನಮ್ಮ ದೇಶದಲ್ಲಿ ಈ ಜಾತಿಯ ಕಾರುಗಳು ತೀರಾ ಕಡಿಮೆ. ಹೆಚ್ಚಿನವು ಇಂಗ್ಲೆಂಡಿನಿಂದ ಬಂದ ಎಂ.ಜಿ.ಗಳು. 1945ರ ನಂತರದ ಟಿ.ಸಿ., ಟಿ.ಡಿ., ಟಿ.ಎಫ್., 1955ರಿಂದ 1962ರವರೆಗೆ ಬಂದ ಎಂ.ಜಿ.ಎ., ಆಮೇಲೆ 1980ರವರೆಗೆ ನಡೆದ ಎಂ.ಜಿ.ಬಿ. ಅಲ್ಲೊಂದು ಇಲ್ಲೊಂದು ಇಂಗ್ಲೆಂಡಿನದೇ ಟ್ರಯಂಫ್ ಕಾಣಿಸುತ್ತದೆ. ನಮ್ಮಲ್ಲೇ ತಯಾರಾದ ಎರಡು ಸೀಟಿನ ಕಾರು ಅಂದರೆ ಸ್ಯಾನ್ ಸ್ಟಾರ್ಮ್. ಫೈಬರ್ ಬಾಡಿ, ರೆನೋದ 1149 ಸಿಸಿ ಇಂಜಿನ್. ಅದು ಈಗ ಅಪರೂಪ.

ಮೊದಲ ಕಾರಾಗಿ ಯಾವುದನ್ನು ತಗೋಬೇಕು?

ಯಾವ ಕಾರಿನ ಬಿಡಿಭಾಗ ಸಿಗುತ್ತದೋ, ಯಾವ ಇಂಜಿನ್ ನಿಮ್ಮೂರಿನ ಮೆಕ್ಯಾನಿಕ್‌ಗೆ ಅರ್ಥವಾಗುತ್ತದೋ ಅದನ್ನು.

ಈ ಲೆಕ್ಕದಲ್ಲಿ ಎಂ.ಜಿ.ಬಿ. ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ಐದು ಲಕ್ಷಕ್ಕೂ ಜಾಸ್ತಿ ತಯಾರಾದ ಕಾರದು. ಇಂಗ್ಲೆಂಡಿನಲ್ಲಿ ಇವತ್ತಿಗೂ ಬೋಲ್ಟಿನಿಂದ ಹಿಡಿದು ಪೂರ್ತಿ ಬಾಡಿ ಶೆಲ್ಲಿನವರೆಗೆ ಹೊಸದಾಗಿ ಸಿಗುತ್ತದೆ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಎಂ.ಜಿ.ಬಿ.ಯ 1798 ಸಿಸಿ ಇಂಜಿನ್ ಬಿ.ಎಂ.ಸಿ. ಕಂಪನಿಯ ಬಿ ಸೀರೀಸ್. ನಮ್ಮ ಅಂಬಾಸಿಡರ್‌ನ 1489 ಸಿಸಿ ಇಂಜಿನ್ ಕೂಡ ಅದೇ ಮನೆತನದ್ದು. ಮೊದಮೊದಲ ಎಂ.ಜಿ.ಎ.ಯಲ್ಲಿದ್ದದ್ದೂ 1489 ಸಿಸಿಯದೇ. ಅಂದರೆ ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿಗಳನ್ನು ಬಿಚ್ಚಿ ಜೋಡಿಸಿದ ಹಿರಿಯ ಮೆಕ್ಯಾನಿಕ್‌ಗೆ ಎಂ.ಜಿ. ಬಾನೆಟ್ ಎತ್ತಿದರೆ ಗಾಬರಿಯಾಗುವುದಿಲ್ಲ. ನನ್ನ ಕಾರನ್ನು ನೋಡಿಕೊಳ್ಳುವವರು ಮೊದಲ ದಿನ ಇಂಜಿನ್ ನೋಡಿ "ಇದು ನಮ್ಮ ಗಾಡಿಯದೇ ಅಲ್ವಾ ಸಾರ್, ಎರಡು ಕಾರ್ಬೊರೇಟರ್ ಇದೆ ಅಷ್ಟೇ" ಅಂದರು. ಆ ಮಾತು ಕೇಳಿದ ಮೇಲೆ ನನಗೆ ಧೈರ್ಯ ಬಂತು.

ಅಷ್ಟು ದುಡ್ಡು ಇಲ್ಲದಿದ್ದರೆ ಹೆರಾಲ್ಡ್ ನೋಡಿ. ಅದು ಸ್ಪೋರ್ಟ್ಸ್ ಕಾರು ಅಲ್ಲ, ಒಪ್ಪುತ್ತೇನೆ. ಆದರೆ ಅದರ ಚಾಸಿಯನ್ನೇ, ಅಂದರೆ ತಳದ ಕಬ್ಬಿಣದ ಚೌಕಟ್ಟನ್ನೇ, ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಮಾಡಿದರು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. ನಮ್ಮ ದೇಶದಲ್ಲಿ 1961ರಿಂದ ಸುಮಾರು ಹತ್ತು ವರ್ಷ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಹೆರಾಲ್ಡ್ ತಯಾರಿಸಿತು. ಮುಂದಿನ ಇಡೀ ಮೂತಿಯೇ ಬಾನೆಟ್ಟು. ಮುಂದಕ್ಕೆ ಮಗುಚಿದರೆ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಕಾರು ನಾನು ಕಂಡಿಲ್ಲ. ಒಂದು ಎಚ್ಚರಿಕೆ. ಇದರ ಹಿಂದಿನ ಆಕ್ಸಲ್ ಸ್ವಿಂಗ್ ಆಕ್ಸಲ್. ತಿರುವಿನ ಮಧ್ಯೆ ಜೋರಾಗಿದ್ದಾಗ ಆಕ್ಸಿಲರೇಟರ್ ತಟ್ಟನೆ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಗಾಡಿ ಜಾರುತ್ತದೆ. ವೇಗ ಇಳಿಸುವುದನ್ನೆಲ್ಲ ತಿರುವಿಗೆ ಮುಂಚೆಯೇ ಮುಗಿಸಬೇಕು.

ಇನ್ನೂ ಕಡಿಮೆ ಖರ್ಚಿನಲ್ಲಿ ಬೇಕಾದರೆ ಪ್ರೀಮಿಯರ್ 118 ಎನ್.ಇ. ಒಳ್ಳೆಯ ಗಾಡಿ. ಬಾಡಿ ಫಿಯಟ್ 124ರದು, ಇಂಜಿನ್ ನಿಸಾನ್ 1171 ಸಿಸಿ. ನಮ್ಮ ರ‍್ಯಾಲಿಗಳಲ್ಲಿ ಓಡಿದ ಕಾರು. ನಾಲ್ಕು ಬಾಗಿಲಿದೆ ಅಂತ ತಳ್ಳಿಹಾಕಬೇಡಿ.

ಟಿ.ಸಿ., ಟಿ.ಡಿ.ಗಳನ್ನು ಎರಡನೇ ಕಾರಾಗಿ ಇಟ್ಟುಕೊಳ್ಳಿ. ಅವುಗಳ ಬಾಡಿ ಒಳಗೆ ಮರದ ಚೌಕಟ್ಟು. ಗೆದ್ದಲು ತಿಂದಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ.

ಎಷ್ಟು ದುಡ್ಡು ಬೇಕು?

ನಿಮ್ಮ ಹತ್ತಿರ ಎಷ್ಟಿದೆಯೋ ಅದರಲ್ಲಿ ಮೂರನೇ ಒಂದು ಪಾಲನ್ನು ಪಕ್ಕಕ್ಕೆ ಎತ್ತಿಡಿ. ಉಳಿದಿದ್ದಕ್ಕೆ ಸಿಗುವ ಕಾರು ನಿಮ್ಮ ಕಾರು. ಎಷ್ಟೇ ಚೆನ್ನಾಗಿರುವ ಗಾಡಿ ತಂದರೂ ಮೊದಲ ವರ್ಷದಲ್ಲಿ ಟೈರು, ಬ್ರೇಕು, ರೇಡಿಯೇಟರ್, ವೈರಿಂಗ್ ಇವುಗಳಲ್ಲಿ ಎರಡಾದರೂ ಕೈ ಕೊಡುತ್ತವೆ. ಇಷ್ಟು ಹಳೆಯ ಗಾಡಿಗೆ ಬ್ಯಾಂಕುಗಳು ಸಾಮಾನ್ಯವಾಗಿ ವಾಹನ ಸಾಲ ಕೊಡುವುದಿಲ್ಲ. ಚಿನ್ನ ಅಡವಿಟ್ಟು, ಕೈಸಾಲ ಮಾಡಿ ತಗೋಬೇಡಿ. ಬಡ್ಡಿ ಕಟ್ಟುತ್ತಾ ಕಾರನ್ನು ಪ್ರೀತಿಸಲು ಆಗುವುದಿಲ್ಲ.

ಎಲ್ಲಿ ಹುಡುಕಬೇಕು? ಕೆ.ಜಿ.ಎಫ್.ನ ಬಂಗಲೆಗಳಲ್ಲಿ ಬ್ರಿಟಿಷರ ಕಾರು ಇನ್ನೂ ಇವೆ ಅಂತಾರೆ, ನಿಜಾನಾ?

ಈ ಕಥೆಯನ್ನು ನಾನು ಕಾಲೇಜು ದಿನಗಳಿಂದ ಕೇಳುತ್ತಿದ್ದೇನೆ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಇಂಗ್ಲಿಷರು ಹೋಗಿದ್ದರು. ಅವರು ಬಿಟ್ಟುಹೋದ ಕಾರುಗಳನ್ನು ಆಸಕ್ತಿಯಿದ್ದವರು ಹುಡುಕಿಕೊಂಡು ಹೋಗಿ ಕೊಂಡಾಗಿದೆ. ನಾನೂ ಎರಡು ಸಲ ಹೋಗಿದ್ದೆ. ಸಿಕ್ಕಿದ್ದು ಒಂದು ಮೋರಿಸ್ ಕಾರಿನ ಬಾಗಿಲು, ಅದೂ ಕೋಳಿಗೂಡಿಗೆ ಹಾಕಿದ್ದರು.

ಒಳ್ಳೆಯ ಕಾರುಗಳು ಬಾಯಿಂದ ಬಾಯಿಗೆ ಹೋಗುತ್ತವೆ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಅಂಥ ಕ್ಲಬ್ಬಿನವರ ಪ್ರದರ್ಶನ, ರ‍್ಯಾಲಿಗಳಿಗೆ ಆರು ತಿಂಗಳು ಸುಮ್ನೆ ಹೋಗಿ ನೋಡಿ. ಕೈಕಟ್ಟಿ ನಿಂತು ಕೇಳಿಸಿಕೊಳ್ಳಿ. ಯಾರು ಕಾರನ್ನು ಓಡಿಸುತ್ತಾರೆ, ಯಾರು ಟ್ರಕ್ಕಿನಲ್ಲಿ ಹೇರಿಕೊಂಡು ಬರುತ್ತಾರೆ ಅಂತ ಗಮನಿಸಿ. ಓಡಿಸಿಕೊಂಡು ಬರುವವರು ಮಾರುವಾಗ ಕೊಳ್ಳಿ.

ಇನ್ನೊಂದು, ಗಾಡಿ ಎಲ್ಲಿ ಬದುಕಿದೆ ಅನ್ನುವುದು ಮುಖ್ಯ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ನಲವತ್ತು ವರ್ಷ ನಿಂತ ಕಾರಿನ ತಳ ಜಾಲರಿಯಾಗಿರುತ್ತದೆ. ಶಿರಾ, ಪಾವಗಡ, ಗೌರಿಬಿದನೂರಿನ ಒಣ ಹವೆಯಲ್ಲಿ ನಿಂತ ಕಾರಿನ ಕಬ್ಬಿಣ ಗಟ್ಟಿಯಾಗಿರುತ್ತದೆ, ಆದರೆ ರಬ್ಬರೆಲ್ಲ ಬಿರುಕು ಬಿಟ್ಟಿರುತ್ತದೆ. ರಬ್ಬರ್ ಬದಲಾಯಿಸುವುದು ಸುಲಭ. ಚಾಸಿ ಬದಲಾಯಿಸುವುದು ಸುಲಭ ಅಲ್ಲ. ಈ ವಿಷಯದಲ್ಲಿ ನಮ್ಮ ಬಯಲುಸೀಮೆಯವರು ಪುಣ್ಯವಂತರು.

ದಾಖಲೆಗಳಲ್ಲಿ ಏನೇನು ನೋಡಬೇಕು?

ಇದನ್ನು ನಿಧಾನವಾಗಿ ಓದಿ. ಕಾರಿಗಿಂತ ಮುಂಚೆ ಆರ್.ಸಿ. ನೋಡಬೇಕು.

ಹೆರಾಲ್ಡ್ ಕೊಳ್ಳುವ ಮುಂಚೆ ನಾನು ಬೇರೆ ಊರಿನಲ್ಲಿ ಒಂದು ಕೆಂಪು ಕಾರನ್ನು ನೋಡಿದ್ದೆ. ಪಾಲಿಶ್ ಮಾಡಿ ನಿಲ್ಲಿಸಿದ್ದರು. ಅದರ ಹೊಳಪಿಗೆ ಮರುಳಾಗಿ ಅವತ್ತೇ ಅಡ್ವಾನ್ಸ್ ಕೊಟ್ಟೆ. ಆರ್.ಸಿ. ಆಮೇಲೆ ಕೊಡುತ್ತೇವೆ ಅಂದರು. ಎರಡು ತಿಂಗಳ ಮೇಲೆ ಗೊತ್ತಾಯಿತು, ಆರ್.ಸಿ. ಇನ್ನೂ ತೀರಿಹೋದ ಮಾಲೀಕರ ಹೆಸರಿನಲ್ಲೇ ಇತ್ತು. ಅವರ ಮಕ್ಕಳಿಗೆ ಕಾರು ಮಾರಿರುವ ವಿಷಯವೇ ಗೊತ್ತಿರಲಿಲ್ಲ. ನನ್ನ ದುಡ್ಡು ವಾಪಸ್ ಬರಲೇ ಇಲ್ಲ. ಆ ನೋವು ಇನ್ನೂ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆರ್.ಸಿ.ಯಲ್ಲಿರುವ ಹೆಸರು ಮತ್ತು ನಿಮ್ಮ ಮುಂದೆ ನಿಂತು ಮಾರುತ್ತಿರುವವರ ಹೆಸರು ಒಂದೇ ಇರಬೇಕು. ಮಾಲೀಕರು ತೀರಿಕೊಂಡಿದ್ದರೆ, ಮೊದಲು ವಾರಸುದಾರರು ಫಾರ್ಮ್ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಅದಾದ ಮೇಲೆ ನಿಮಗೆ ಮಾರಲಿ. "ಸಹಿ ಹಾಕಿದ ಖಾಲಿ ಫಾರ್ಮ್ ಇದೆ, ಏನೂ ತೊಂದರೆಯಿಲ್ಲ" ಅಂದರೆ ಎದ್ದು ಬನ್ನಿ.

ಮಾಮೂಲಿ ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು. ಬೇರೆ ಆರ್.ಟಿ.ಒ. ವ್ಯಾಪ್ತಿಯ ಗಾಡಿಯಾದರೆ ಎನ್.ಒ.ಸಿ., ಅಂದರೆ ಫಾರ್ಮ್ 28. ಹಿಂದೆ ಯಾವಾಗಲೋ ಸಾಲ ಇದ್ದು ಆರ್.ಸಿ.ಯಲ್ಲಿ ಫೈನಾನ್ಸ್ ಹೆಸರು ಉಳಿದಿದ್ದರೆ ಫಾರ್ಮ್ 35 ಕೂಡ. ಸಾಲ ತೀರಿ ನಲವತ್ತು ವರ್ಷವಾಗಿರುತ್ತದೆ, ಫೈನಾನ್ಸ್ ಕಂಪನಿಯೇ ಮುಚ್ಚಿರುತ್ತದೆ, ಹೆಸರು ಮಾತ್ರ ಆರ್.ಸಿ.ಯಲ್ಲಿ ಕೂತಿರುತ್ತದೆ. ಅದನ್ನು ತೆಗೆಸುವುದು ಮಾರುವವರ ಕೆಲಸ ಅಂತ ಮೊದಲೇ ಮಾತಾಡಿಕೊಳ್ಳಿ.

ಆಮೇಲೆ ಚಾಸಿ ನಂಬರು, ಇಂಜಿನ್ ನಂಬರು. ಟಾರ್ಚ್ ಹಿಡಿದು ನೀವೇ ಓದಿ. ನಂಬರಿನ ಮೇಲೆ ಒಂದು ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಳ್ಳಿ. ಒಂದೊಂದು ಅಂಕಿಯನ್ನೂ ಆರ್.ಸಿ. ಜೊತೆ ಹೋಲಿಸಿ. ಹಳೆಯ ಕಾರುಗಳಲ್ಲಿ ಇಂಜಿನ್ ಬದಲಾಗಿರುವುದು ಬಹಳ ಸಾಮಾನ್ಯ. ಬದಲಾದದ್ದು ಆರ್.ಸಿ.ಯಲ್ಲಿ ನಮೂದಾಗಿದ್ದರೆ ಸರಿ, ಇಲ್ಲದಿದ್ದರೆ ಆರ್.ಟಿ.ಒ.ದಲ್ಲಿ ನಿಲ್ಲುವವರು ನೀವು.

ಎಂ.ವೈ. ಅಂತ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರಿನ ಗಾಡಿಗಳಿಗೆ ಇನ್ನೊಂದು ಕೆಲಸ ಇರುತ್ತದೆ. ಅವುಗಳ ಆರ್.ಸಿ. ಪುಸ್ತಕದ ರೂಪದಲ್ಲಿದ್ದು ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದಿಲ್ಲ. ನಂಬರ್ ಹೊಡೆದು ನೋಡಿದರೆ ಆನ್‌ಲೈನ್‌ನಲ್ಲಿ ಏನೂ ಬರುವುದಿಲ್ಲ. ಮೊದಲು ಗಾಡಿ ನೋಂದಣಿಯಾದ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಬೇಕು. ಅದು ಆಗುವವರೆಗೆ ವರ್ಗಾವಣೆಯ ಮಾತೇ ಇಲ್ಲ. ಈ ಕೆಲಸ ಮುಗಿಸಿ ಕೊಡುವುದಾದರೆ ಮಾತ್ರ ಪೂರ್ತಿ ದುಡ್ಡು ಅಂತ ಬರೆಸಿಕೊಳ್ಳಿ.

ನೋಂದಣಿ ನವೀಕರಣಕ್ಕೆ ಎಷ್ಟಾಗುತ್ತದೆ? ಐವತ್ತು ವರ್ಷ ದಾಟಿದ ಕಾರಿಗೆ ಬೇರೆ ನಂಬರ್ ಕೊಡುತ್ತಾರಂತಲ್ಲ?

ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಗಾಡಿಯನ್ನು ಆರ್.ಟಿ.ಒ.ಗೆ ತಗೊಂಡು ಹೋಗಿ ತೋರಿಸಬೇಕು. ಹಸಿರು ತೆರಿಗೆಯೂ ಇದೆ. ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರಲ್ಲಿ 5,000 ರೂಪಾಯಿಗೆ ಏರಿಸಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಆಮದಾದ ಕಾರಾದರೆ 80,000. ಎಂ.ಜಿ. ಕೊಳ್ಳುವವರು ಈ ಕೊನೆಯ ಅಂಕಿಯನ್ನು ಎರಡು ಸಲ ಓದಿಕೊಳ್ಳಿ. ನೋಂದಣಿಯ ಅವಧಿ ಮುಗಿಯುವ ಹೊತ್ತಿಗೆ ಮಾರಾಟಕ್ಕೆ ಬರುವ ಕಾರುಗಳು ಜಾಸ್ತಿ, ಅದಕ್ಕೆ ಕಾರಣ ಇದೇ.

2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಬಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರಬಾರದು. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಮರು ನೋಂದಣಿಗೆ 5,000. ಮೊದಲೇ ನಂಬರ್ ಇರುವ ಗಾಡಿ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸ ನಂಬರ್ ಕೊಟ್ಟರೆ ರಾಜ್ಯದ ಅಕ್ಷರದ ಪಕ್ಕ ವಿ.ಎ. ಅಂತ ಬರುತ್ತದೆ.

ಲೆಕ್ಕ ನೋಡಿದರೆ ವಿಂಟೇಜೇ ಲಾಭ ಅನ್ನಿಸುತ್ತದೆ. ಆದರೆ ಒಂದು ಕಟ್ಟುಪಾಡಿದೆ. ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಂಥದ್ದಕ್ಕೆ ಮಾತ್ರ. ನನಗೆ ಮನಸ್ಸು ಬಂದ ದಿನ ಓಡಿಸಬೇಕು. ಹಾಗಾಗಿ ನನ್ನ ಎರಡೂ ಕಾರುಗಳನ್ನು ಮಾಮೂಲಿ ನೋಂದಣಿಯಲ್ಲೇ ಇಟ್ಟಿದ್ದೇನೆ. ಜಾಸ್ತಿ ಕಟ್ಟುತ್ತೇನೆ, ಬೇಜಾರಿಲ್ಲ.

ದೆಹಲಿಯಲ್ಲಿ ಹಳೆಯ ಕಾರು ಅಗ್ಗಕ್ಕೆ ಸಿಗುತ್ತವಂತೆ. ತರಬಹುದಾ?

15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ಅಲ್ಲಿ ನಿರ್ಬಂಧ ಬಂದಿದ್ದರಿಂದ ಬೆಲೆ ಇಳಿದಿದೆ. ಆದರೆ ಅಲ್ಲಿಯ ಎನ್.ಒ.ಸಿ., ಸಾಗಾಣಿಕೆ, ಇಲ್ಲಿಯ ರಸ್ತೆ ತೆರಿಗೆ, ಹೊಸ ಕೆ.ಎ. ನಂಬರು, ಇವೆಲ್ಲ ಸೇರಿದರೆ ಅಗ್ಗ ಕರಗಿಹೋಗುತ್ತದೆ. ಮೊದಲ ಕಾರನ್ನು ಬಸ್ಸಿನಲ್ಲಿ ಹೋಗಿ ಮೂರು ಸಲ ನೋಡಿ ಬರುವಷ್ಟು ಹತ್ತಿರದಲ್ಲಿ ಕೊಳ್ಳಿ.

ತುಕ್ಕು, ಪುಟ್ಟಿ ಇವೆಲ್ಲ ನನಗೆ ಹೇಗೆ ಗೊತ್ತಾಗುತ್ತದೆ?

ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಳ್ಳಿ. ಅದಕ್ಕೆ ತೆಳುವಾದ ಬಟ್ಟೆ ಸುತ್ತಿ, ಬಣ್ಣಕ್ಕೆ ಗೀರು ಬೀಳಬಾರದು. ಬಾಗಿಲ ಕೆಳಭಾಗ, ಚಕ್ರದ ಕಮಾನು, ಹಿಂದಿನ ಮೂಲೆಗಳಿಗೆ ಹಿಡಿಯಿರಿ. ಅಂಟದಿದ್ದರೆ ಒಳಗೆ ತಗಡಿಲ್ಲ, ಪುಟ್ಟಿ ಇದೆ. ಬೆರಳಿನ ಗೆಣ್ಣಿನಿಂದ ತಟ್ಟಿದರೂ ತಿಳಿಯುತ್ತದೆ. ತಗಡು ಟಣ್ ಅನ್ನುತ್ತದೆ, ಪುಟ್ಟಿ ಸದ್ದು ಮಾಡುವುದಿಲ್ಲ.

ಎಂ.ಜಿ.ಬಿ.ಗೆ ಬೇರೆ ಚಾಸಿ ಇಲ್ಲ. ಬಾಗಿಲ ಕೆಳಗಿನ ಸಿಲ್ಲುಗಳೇ ಅದರ ಬೆನ್ನೆಲುಬು. ಅವು ಹೋಗಿದ್ದರೆ ಗಾಡಿ ಮಧ್ಯದಲ್ಲಿ ಬಾಗುತ್ತದೆ. ಹಿಂಭಾಗಕ್ಕೆ ಜಾಕ್ ಕೊಟ್ಟು ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲು ಹಿಡಿದುಕೊಂಡರೆ, ಸಂದಿಯ ಅಗಲ ಬದಲಾದರೆ, ಆ ಕಾರು ಬೇಡ. ಹೆರಾಲ್ಡ್‌ಗೆ ಪ್ರತ್ಯೇಕ ಚಾಸಿ ಇದೆ, ಅದರಿಂದ ಹೊರಗೆ ಚಾಚಿದ ಕೈಗಳು ಮೊದಲು ತುಕ್ಕು ಹಿಡಿಯುತ್ತವೆ. ಚಾಪೆ ಹಾಸಿ ಕೆಳಗೆ ಮಲಗಿ ನೋಡಿ. ಒಳಗಿನ ಕಾರ್ಪೆಟ್ಟನ್ನೂ ಎತ್ತಿ ನೋಡಿ. ಎತ್ತಲು ಬಿಡದ ಮಾಲೀಕರ ಹತ್ತಿರ ಮಾತು ಮುಂದುವರಿಸುವ ಅಗತ್ಯವಿಲ್ಲ.

ಹೊಸ ಬಣ್ಣ ನೋಡಿ ಖುಷಿಪಡಬೇಡಿ. ಮಾರುವ ಮುಂಚೆ ಬಣ್ಣ ಹೊಡೆಸಿದ್ದರೆ ಯಾಕೆ ಹೊಡೆಸಿದರು ಅಂತ ಕೇಳಿ.

ಓಡಿಸಿ ನೋಡುವುದು ಹೇಗೆ?

ಬೆಳಿಗ್ಗೆ ಹೋಗಿ. ನೀವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿರಿ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ತಣ್ಣಗಿರುವ ಇಂಜಿನ್ ಹೇಗೆ ಏಳುತ್ತದೆ ಅನ್ನುವುದರಲ್ಲಿ ಅರ್ಧ ಕಥೆ ಇದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ.

ಹೆರಾಲ್ಡ್, ಸ್ಪಿಟ್‌ಫೈರ್ ಆದರೆ ಒಂದು ಪರೀಕ್ಷೆ ತಪ್ಪಿಸಬೇಡಿ. ಒಬ್ಬರು ಕ್ಲಚ್ ಒತ್ತಿ ಬಿಡಲಿ. ನೀವು ಮುಂದೆ ನಿಂತು ಕ್ರ್ಯಾಂಕ್ ಪುಲ್ಲಿ ನೋಡಿ. ಅದು ಹಿಂದೆ ಮುಂದೆ ಆಡುವುದು ಕಣ್ಣಿಗೆ ಕಂಡರೆ ಒಳಗೆ ಥ್ರಸ್ಟ್ ವಾಷರ್, ಅಂದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಬಿಲ್ಲೆ, ಸವೆದಿದೆ. ಅದು ಕೆಳಗೆ ಬಿದ್ದರೆ ಇಂಜಿನ್ ಬ್ಲಾಕೇ ಹಾಳಾಗುತ್ತದೆ.

ಆಮೇಲೆ ರಸ್ತೆ. ನಮಗೆ ದೇವರಾಯನದುರ್ಗ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಕಿಲ್ಲ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ನಾಮದ ಚಿಲುಮೆವರೆಗೆ ಸಮ ವೇಗದಲ್ಲಿ ಹೋಗಿ, ಟೆಂಪರೇಚರ್ ಮುಳ್ಳು ನೋಡುತ್ತಾ ಇರಿ. ಬೆಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ಎಳೆಯಲಿ. ಎಂ.ಜಿ.ಬಿ. ಆದರೆ ಇಂಜಿನ್ ಬಿಸಿಯಾದ ಮೇಲೂ ಓಡುವಾಗ ಆಯಿಲ್ ಪ್ರೆಶರ್ 50 ಪೌಂಡಿನ ಆಸುಪಾಸು ನಿಲ್ಲಬೇಕು. ಗಾಡಿ ನಿಲ್ಲಿಸಿ ಇಂಜಿನ್ ಆನ್ ಇರುವಾಗ 15ಕ್ಕಿಂತ ಕೆಳಗೆ ಇಳಿದರೆ ಬೇರಿಂಗ್ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಬನ್ನಿ. ಗೇರ್ ತಾನಾಗೇ ಹೊರಗೆ ಹಾರಿದರೆ ಗೇರ್ ಬಾಕ್ಸ್ ಬಿಚ್ಚಬೇಕು. ಫಸ್ಟ್ ಗೇರಿಗೆ ಹಾಕುವಾಗ ಕರಕರ ಅಂದರೆ ಗಾಬರಿ ಬೇಡ. 1967ರವರೆಗಿನ ಎಂ.ಜಿ.ಬಿ.ಗೆ, ಹೆರಾಲ್ಡ್‌ಗೆ ಫಸ್ಟಿನಲ್ಲಿ ಸಿಂಕ್ರೊ, ಅಂದರೆ ಗೇರ್ ಹಲ್ಲುಗಳ ವೇಗ ಹೊಂದಿಸುವ ವ್ಯವಸ್ಥೆ, ಇಲ್ಲ. ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು.

ವೈರ್ ವೀಲ್ (ಕಡ್ಡಿಗಳ ಚಕ್ರ) ಇದ್ದರೆ ಕಿಟಕಿ ಇಳಿಸಿ ಕೇಳಿ. ಬ್ರೇಕ್ ಒತ್ತಿದಾಗ ಟಕ್, ಗಾಡಿ ಹೊರಟಾಗ ಟಕ್ ಅಂದರೆ ಚಕ್ರ ಕೂರುವ ಹಬ್‌ನ ಹಲ್ಲು ಸವೆದಿದೆ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಅಂತಿದ್ದರೆ 2014ರ 23ನೇ ವಾರದ ಟೈರು. ನೆಲಕ್ಕೆ ತಾಗುವ ಅಚ್ಚು ಎಷ್ಟೇ ಚೆನ್ನಾಗಿದ್ದರೂ ಅಷ್ಟು ಹಳೆಯ ಟೈರಿನಲ್ಲಿ ಬೆಟ್ಟ ಹತ್ತಬೇಡಿ.

ಪದ್ಮಿನಿ ತಗೊಂಡು ಟಾಪ್ ಕತ್ತರಿಸಿ ಓಪನ್ ಕಾರು ಮಾಡಿಸಿದರೆ?

ದಯವಿಟ್ಟು ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿದ ರೂಪವನ್ನು ಹಾಗೆ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಕಾನೂನು ಬಿಡಿ. ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ, ಅದರ ಟಾಪೇ ಬಾಡಿಯನ್ನು ಹಿಡಿದಿಟ್ಟಿರುತ್ತದೆ. ಕತ್ತರಿಸಿದರೆ ಒಂದು ಗುಂಡಿಗೆ ಇಳಿದಾಗ ಬಾಗಿಲು ತಾನಾಗೇ ತೆರೆಯುವ ಸ್ಥಿತಿ ಬರುತ್ತದೆ. ಪೂರ್ತಿ ಇರುವ ಪದ್ಮಿನಿಗಳೇ ಕಡಿಮೆಯಾಗುತ್ತಿವೆ. ಒಂದನ್ನು ಹಾಳು ಮಾಡಿ ಇನ್ನೊಂದರ ನಕಲು ಮಾಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಜೀಪಿನ ಮೇಲೆ ಫೈಬರ್ ಬಾಡಿ ಕೂರಿಸಿ ಎಂ.ಜಿ. ಅಂತ ಮಾರುವವರೂ ಇದ್ದಾರೆ. ಆರ್.ಸಿ.ಯಲ್ಲಿ ತಯಾರಕರ ಹೆಸರು ಓದಿದರೆ ಅಲ್ಲೇ ಗೊತ್ತಾಗುತ್ತದೆ.

ಕೆಟ್ಟು ನಿಂತ ಕಾರನ್ನು ಅಗ್ಗಕ್ಕೆ ತಗೊಂಡು ನಾನೇ ಸರಿ ಮಾಡಿಸಿದರೆ ಉಳಿತಾಯ ಅಲ್ವಾ?

ಎರಡನೇ ಕಾರಿಗೆ ಆ ಯೋಚನೆ ಮಾಡಿ. ಮೊದಲ ಕಾರು ಓಡುತ್ತಿರಬೇಕು, ಎಲ್ಲ ಭಾಗವೂ ಮೈಮೇಲೆ ಇರಬೇಕು.

ಬಿಚ್ಚಿ ಇಟ್ಟ ಕಾರಿನಲ್ಲಿ ಕಾಣೆಯಾಗುವುದು ದೊಡ್ಡ ಭಾಗಗಳಲ್ಲ. ಗಾಜಿನ ಸುತ್ತಲಿನ ಕ್ರೋಮ್ ಪಟ್ಟಿ, ಬಾಗಿಲ ಹಿಡಿಯ ಒಳಗಿನ ಸ್ಪ್ರಿಂಗು, ಮಡಚುವ ಟಾಪಿನ ಕಬ್ಬಿಣದ ಚೌಕಟ್ಟು. ಇಂಜಿನ್ ಸಿಗುತ್ತದೆ, ಆ ಸ್ಪ್ರಿಂಗು ಸಿಗುವುದಿಲ್ಲ. ಟಿಂಕರಿಂಗ್‌ಗೆ ಬಿಟ್ಟ ಗಾಡಿ ಮೂರು ತಿಂಗಳು ಅಂದದ್ದು ಮೂರು ವರ್ಷ ನಿಲ್ಲುತ್ತದೆ. ಅಷ್ಟರಲ್ಲಿ ಹುಮ್ಮಸ್ಸು ಇಂಗಿಹೋಗಿ ಕಾರು ಗುಜರಿಗೆ ಹೋದದ್ದನ್ನು ನಮ್ಮ ಊರಿನಲ್ಲೇ ನೋಡಿದ್ದೇನೆ. ಓಡುವ ಕಾರಾದರೆ ಭಾನುವಾರ ಓಡಿಸಬಹುದು, ಸೋಮವಾರ ಒಂದು ಸಣ್ಣ ಕೆಲಸ ಮಾಡಿಸಬಹುದು. ಆಸೆ ಉಳಿಯುತ್ತದೆ.

ತುಮಕೂರಿನಲ್ಲಿ ಮೆಕ್ಯಾನಿಕ್ ಸಿಗುತ್ತಾರಾ? ಬಿಡಿಭಾಗ?

ಕಾರು ಕೊಳ್ಳುವ ಮುಂಚೆ ಮೆಕ್ಯಾನಿಕ್ ಹುಡುಕಿ. ಅಂಬಾಸಿಡರ್, ಫಿಯಟ್ ಕಾಲದವರು ಈಗ ಅರವತ್ತು ದಾಟಿದ್ದಾರೆ. ಕೆಲವರು ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಗ್ಯಾರೇಜುಗಳಲ್ಲಿ ವಿಚಾರಿಸಿದರೆ "ಅವರ ಕೈಯಲ್ಲೇ ನಾವು ಕಲಿತಿದ್ದು" ಅಂತ ತೋರಿಸುತ್ತಾರೆ. ಮನೆಗೆ ಹೋಗಿ ಮಾತಾಡಿ. ಕಾರ್ಬೊರೇಟರ್ ಟ್ಯೂನಿಂಗ್ ಅವರು ಕಿವಿಯಲ್ಲೇ ಮಾಡುತ್ತಾರೆ. ಸಾಧ್ಯವಾದರೆ ಒಬ್ಬ ಹುಡುಗ ಪಕ್ಕದಲ್ಲಿ ನಿಂತು ಕಲಿಯುವ ಹಾಗೆ ಮಾಡಿ. ಈ ವಿದ್ಯೆ ಅವರ ಜೊತೆಗೇ ಹೋಗಬಾರದು ಅಂತ ನನ್ನ ದೊಡ್ಡ ಆಸೆ.

ಬುಷ್ ತಿರುವಿಸುವುದು, ಡ್ರಮ್ ಸ್ಕಿಮ್ಮಿಂಗ್, ಶಾಫ್ಟ್ ಕೆಲಸ ಇವಕ್ಕೆ ಲೇತ್ ಇದ್ದರೆ ಸಾಕು. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶ ಇರುವಾಗ ನಮಗೆ ಅದರ ಚಿಂತೆ ಇಲ್ಲ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಹೆಸರು ಹೇಳಿದರೆ ಸಾಲದು. ಎಂ.ಜಿ.ಗೆ ಇಂಗ್ಲೆಂಡಿನಿಂದ ತರಿಸುವುದಾದರೆ ವರ್ಷಕ್ಕೆ ಎರಡೇ ಸಲ, ಒಟ್ಟಿಗೆ ತರಿಸಿ. ಕೊರಿಯರ್, ಕಸ್ಟಮ್ಸ್ ಖರ್ಚು ಉಳಿಯುತ್ತದೆ.

ಈಗಿನ ಎಥನಾಲ್ ಪೆಟ್ರೋಲ್ ಹಾಕಬಹುದಾ?

ಹೆಚ್ಚಿನ ಕಡೆ ಬೇರೆ ದಾರಿ ಇಲ್ಲ. ಈಗ ಬಂಕಿನಲ್ಲಿ ಸಿಗುವ ಮಾಮೂಲಿ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ಅದು ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಕ್ ಗ್ಯಾಸ್ಕೆಟ್ ತಿನ್ನುತ್ತದೆ. ಗಾಳಿಯ ತೇವ ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಕಾರು ತಂದ ಮೊದಲ ವಾರದಲ್ಲೇ ಎಥನಾಲ್ ತಡೆಯುವ ಪೈಪುಗಳನ್ನು ಹಾಕಿಸಿ. ಇಂಜಿನ್ ಮೇಲೆ ಪೆಟ್ರೋಲ್ ಪೈಪು ಬಿರುಕು ಬಿಟ್ಟರೆ ಬೆಂಕಿ, ಆದ್ದರಿಂದ ಇದನ್ನು ಮುಂದೂಡಬೇಡಿ. ಕಾರ್ಬೊರೇಟರ್‌ನಲ್ಲಿ ಮಿಕ್ಸ್ಚರ್ ಸ್ವಲ್ಪ ರಿಚ್, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ, ಮಾಡಿಸಬೇಕಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಒಂದು ಸಣ್ಣ ಬೆಂಕಿ ಆರಿಸುವ ಸಿಲಿಂಡರ್ ಸೀಟಿನ ಹಿಂದೆ ಇರಲಿ.

ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಹಳೆಯ ಇಂಜಿನ್ನಿನ ವಾಲ್ವ್ ಸೀಟ್ ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ. ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ವಾಲ್ವ್ ಸೀಟ್ ಹಾಕಿಸಿ.

ಏಪ್ರಿಲ್ ಬಿಸಿಲಿನಲ್ಲಿ ಓಡಿಸಬಹುದಾ? ಎಲ್ಲಿ ನಿಲ್ಲಿಸಬೇಕು?

ಬೆಳಿಗ್ಗೆ ಒಂಬತ್ತರ ಒಳಗೆ ಮನೆ ಸೇರಿಕೊಳ್ಳಿ. ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ನಿಂತರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ಆಫ್ ಆಗುತ್ತದೆ. ಹಳೆಯ ಟ್ಯಾಕ್ಸಿಯವರ ಉಪಾಯ ಇವತ್ತಿಗೂ ಕೆಲಸ ಮಾಡುತ್ತದೆ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ.

ತೋಟದ ಶೆಡ್ಡಿನಲ್ಲಿ, ಅದರಲ್ಲೂ ತೆಂಗಿನ ಮಟ್ಟೆ, ಸಿಪ್ಪೆ ರಾಶಿಯ ಪಕ್ಕ ಕಾರು ನಿಲ್ಲಿಸಬೇಡಿ. ಇಲಿ ಒಂದು ರಾತ್ರಿಯಲ್ಲಿ ವೈರಿಂಗ್ ಮುಗಿಸುತ್ತದೆ. ಗಾಳಿಯಾಡುವ ನೆರಳು, ಸಿಮೆಂಟ್ ನೆಲ, ಹತ್ತಿ ಹೊದಿಕೆ ಸಾಕು. ಪ್ಲಾಸ್ಟಿಕ್ ಹೊದಿಕೆ ಒಳಗೆ ಬೆವರುತ್ತದೆ. ಬ್ಯಾಟರಿಗೆ ಕಟ್ ಆಫ್ ಸ್ವಿಚ್ ಹಾಕಿಸಿ. ಹದಿನೈದು ದಿನಕ್ಕೊಮ್ಮೆಯಾದರೂ ಹತ್ತು ಕಿಲೋಮೀಟರ್ ಓಡಿಸಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಲಾಭಕ್ಕಿಂತ ನಷ್ಟ ಜಾಸ್ತಿ.

ಇನ್ಶೂರೆನ್ಸ್?

ಥರ್ಡ್ ಪಾರ್ಟಿ ಕಡ್ಡಾಯ. ಐದು ವರ್ಷ ದಾಟಿದ ಗಾಡಿಯ ಬೆಲೆಯನ್ನು ನೀವು ಮತ್ತು ಕಂಪನಿಯವರು ಮಾತಾಡಿ ಒಪ್ಪಿಕೊಂಡು ಬರೆಯಬಹುದು. ಫೋಟೊ, ಬಿಲ್ಲು ಎಲ್ಲ ತಗೊಂಡು ಕಚೇರಿಗೇ ಹೋಗಿ ಮಾತಾಡಿ. ಆನ್‌ಲೈನ್‌ನಲ್ಲಿ ಈ ಕೆಲಸ ಆಗುವುದಿಲ್ಲ.

ಮನೆಯವರು ಒಪ್ಪುತ್ತಿಲ್ಲ. ಎರಡು ಸೀಟಿನ ಕಾರು ಯಾಕೆ ಅಂತಾರೆ.

ಅವರು ಕೇಳುವುದು ನ್ಯಾಯ. ಮನೆಯಲ್ಲಿ ಬೇರೆ ಕಾರು ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಈ ಕಾರುಗಳಲ್ಲಿ ಏರ್ ಬ್ಯಾಗ್ ಇಲ್ಲ, ಬ್ರೇಕು ಇವತ್ತಿನ ಕಾರಿನಂತಲ್ಲ. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಹೋಗಬೇಡಿ. ಇದನ್ನು ಮುಚ್ಚಿಡದೆ ಹೇಳಿ.

ನನ್ನ ಹೆಂಡತಿಯೂ ಮೊದಲು ಬೇಡ ಅಂದಿದ್ದಳು. ಹೆರಾಲ್ಡ್ ಬಂದ ಎರಡನೇ ಭಾನುವಾರ ಶಿವಗಂಗೆವರೆಗೆ ಕರೆದುಕೊಂಡು ಹೋದೆ. ಬರುವಾಗ ಅವಳೇ ಓಡಿಸಿದಳು. ಈಗ ಎರಡೂ ಕಾರಿನ ಲೆಕ್ಕದ ಪುಸ್ತಕ ಅವಳ ಹತ್ತಿರ ಇದೆ. ಯಾವ ದಿನ ಆಯಿಲ್ ಬದಲಾಯಿಸಿದ್ದು, ಬ್ರೇಕ್ ಆಯಿಲ್‌ಗೆ ಎರಡು ವರ್ಷವಾಯಿತಾ, ಎಲ್ಲ ಅದರಲ್ಲಿದೆ.

ಆಯುಧ ಪೂಜೆಗೆ ಮುಂಚೆ ಕಾರು ಮನೆಗೆ ತರಬೇಕು ಅಂತ ಆಸೆ. ಇನ್ನು ಎರಡೇ ವಾರ ಇದೆ. ಏನು ಮಾಡಲಿ?

ಮುಂದಿನ ವರ್ಷದ ಪೂಜೆಗೆ ತನ್ನಿ. ಎರಡು ವಾರದಲ್ಲಿ ಆರ್.ಸಿ. ವರ್ಗಾವಣೆ ಮುಗಿಯುವುದಿಲ್ಲ, ಮೂರು ಕಾರು ನೋಡಲೂ ಆಗುವುದಿಲ್ಲ. ನಾನು ಅಡ್ವಾನ್ಸ್ ಕಳೆದುಕೊಂಡದ್ದೂ ಹಬ್ಬದ ಹಿಂದಿನ ವಾರವೇ.

ನಿಮ್ಮ ಕಾರನ್ನು ಒಮ್ಮೆ ನೋಡಬಹುದಾ?

ಬನ್ನಿ. ಮಳೆ ಇಲ್ಲದ ಭಾನುವಾರ ಬೆಳಿಗ್ಗೆ ದೇವರಾಯನದುರ್ಗದ ಕೆಳಗಿನ ಭೋಗ ನರಸಿಂಹ ದೇವಸ್ಥಾನದ ಹತ್ತಿರ ಸಾಮಾನ್ಯವಾಗಿ ಇರುತ್ತೇನೆ. ಬಾನೆಟ್ ತೆರೆದು ತೋರಿಸುತ್ತೇನೆ. ಯಾವುದಾದರೂ ಕಾರು ನೋಡಿಟ್ಟಿದ್ದರೆ ಅದರ ಆರ್.ಸಿ. ನಕಲು, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತಗೊಂಡು ಬನ್ನಿ. ಕೂತು ನೋಡೋಣ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.